ಕಿತ್ತಳೆ ಟೆಂಟು ಮತ್ತು ಅಜ್ಜಯ್ಯನ ಕಲ್ಲು

ಜನವರಿ 24, ಶನಿವಾರ, ಮಧ್ಯಾಹ್ನ 3 ಗಂಟೆ 50 ನಿಮಿಷ. ಉಪ್ಪುಂದದ ಕಡಲ ದಡದಲ್ಲಿ ಟೆಂಟು ಕಟ್ಟಲು ಶುರು ಮಾಡಿದೆವು. ಮುಗಿದದ್ದು 5 ಗಂಟೆ 25ಕ್ಕೆ. ಡಬ್ಬದ ಮೇಲೆ ‘ಹತ್ತು ನಿಮಿಷದಲ್ಲಿ ಸಿದ್ಧ’ ಎಂದು ಬರೆದಿತ್ತು. ಬರೆದವರು ಗಾಳಿ ಇಲ್ಲದ ಊರಿನವರಿರಬೇಕು.

ಆ ಟೆಂಟಿನ ಮೇಲುಹೊದಿಕೆ ಈಗ ನಮ್ಮ ಮನೆಯ ಹಿಂದೆ ಬಟ್ಟೆ ಒಣಗಿಸುವ ಹಗ್ಗದ ಮೇಲಿದೆ. ನಾಲ್ಕು ಸಲ ತೊಳೆದಾಯಿತು. ಇನ್ನೂ ಬಂಗುಡೆಯ ವಾಸನೆ ಹೋಗಿಲ್ಲ. ಅದು ಗಾಳಿಗೆ ಪಟಪಟ ಎಂದಾಗಲೆಲ್ಲ ನನಗೆ ಈ ಪ್ರಬಂಧ ಬರೆಯಬೇಕು ಅನ್ನಿಸುತ್ತದೆ. ಇವತ್ತು ಆರನೆಯ ಸಲ ಅನ್ನಿಸಿದ್ದರಿಂದ ಕೂತಿದ್ದೇನೆ.

ನಾನು ಕುಂದಾಪುರದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ರಕ್ತದ ಟ್ಯೂಬುಗಳ ಮೇಲೆ ಹೆಸರು, ದಿನಾಂಕ, ಗಂಟೆ ಬರೆದು ಅಂಟಿಸುವುದು ನನ್ನ ಕೆಲಸ. ಇದೇ ಕೆಲಸ ಮಾಡಿ ಮಾಡಿ ಹೀಗಾದೆ ಎಂದು ಮನೆಯವರು ಹೇಳುತ್ತಾರೆ. ಅದು ಸರಿಯಲ್ಲ. ನನ್ನ ಮೊದಲ ನೋಟ್‌ಪುಸ್ತಕ ನನಗೆ ಒಂಬತ್ತು ವರ್ಷವಾಗಿದ್ದಾಗಿನದು. ಅದರಲ್ಲಿ ಬೇಸಿಗೆ ರಜೆಯಲ್ಲಿ ಅಜ್ಜಯ್ಯನ ಮನೆಯಲ್ಲಿ ನಾನು ತಿಂದ ಮಾವಿನಹಣ್ಣುಗಳ ಲೆಕ್ಕ ಇದೆ; ಮುಂದಿನ ಪುಟದಲ್ಲಿ ಅದರ ಪರಿಣಾಮಗಳ ಲೆಕ್ಕವೂ ಇದೆ.

ಅಜ್ಜಯ್ಯ ಎಂದರೆ ಅಬ್ಬೆಯ, ನನ್ನ ತಾಯಿಯ, ಅಪ್ಪ. ಮನೆ ಉಪ್ಪುಂದದಲ್ಲಿ, ಕಡಲಿಗೆ ಇನ್ನೂರ ಹನ್ನೊಂದು ಹೆಜ್ಜೆ. ಕಡಲ್ಕೊರೆತ ಶುರುವಾಗುವ ಮುಂಚೆ ಇನ್ನೂರ ಅರವತ್ತಿತ್ತು, ಆದರೆ ಆಗ ನನ್ನ ಹೆಜ್ಜೆಯೂ ಚಿಕ್ಕದಿತ್ತು. ಅಜ್ಜಯ್ಯನಿಗೆ ಅಕ್ಷರ ಬಾರದು. ಬದಲಿಗೆ ಒಂದು ವಿದ್ಯೆ ಬರುತ್ತದೆ. ಅದನ್ನು ನನಗೆ ಅಂಗಳದಲ್ಲೇ ಕಲಿಸಿದ್ದ. ಎಲ್ಲೋ ಒಂದು ಕಡೆ ಗೇರುಬೀಜ ಹೂತಿಟ್ಟು ಬಂದು ಹೇಳುತ್ತಿದ್ದ: “ಬಾವಿ ರಾಟೆ ಹಲ್ಸಿನ್ ಮರದ್ ಎದ್ರಿಗ್ ಸಮಾ ಬರ್ಕ್. ತುಳ್ಸಿಕಟ್ಟೆ ಕೊಟ್ಗಿ ಮೂಲಿ ಎದ್ರಿಗ್ ಸಮಾ ಬರ್ಕ್. ಎರಡೂ ಒಟ್ಟಿಗ್ ಆದಲ್ಲಿ ಅಗಿ.” ನಾನು ಒಂದು ಕಣ್ಣು ಮುಚ್ಚಿಕೊಂಡು ಅಂಗಳ ತುಂಬ ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಿದ್ದೆ. ರಾಟೆಯೂ ಮರವೂ ಒಂದರ ಹಿಂದೆ ಒಂದು ನಿಂತ ಗೆರೆ ಸಿಕ್ಕಿದ ಮೇಲೆ ಅದನ್ನು ಬಿಡದೆ ಹಿಂದಕ್ಕೆ ಸರಿಯುವುದು; ತುಳಸಿಕಟ್ಟೆಯೂ ಕೊಟ್ಟಿಗೆಯ ಮೂಲೆಯೂ ಒಂದಾದ ಕೂಡಲೇ ನಿಲ್ಲುವುದು; ಅಗೆಯುವುದು. ಹದಿನೇಳು ಸಲದಲ್ಲಿ ಹದಿನಾಲ್ಕು ಸಲ ಗೇರುಬೀಜ ಸಿಕ್ಕಿದೆ. ಉಳಿದ ಮೂರನ್ನು ಇರುವೆಗಳು ಕೊಂಡುಹೋಗಿವೆ ಎಂದು ಅಜ್ಜಯ್ಯ ಹೇಳಿದ. ಗೇರುಬೀಜ ಹೊರುವ ಇರುವೆಯನ್ನು ನಾನು ಆಮೇಲೆ ಹುಡುಕಿದ್ದೇನೆ, ಸಿಕ್ಕಿಲ್ಲ.

ಕಡಲಲ್ಲೂ ಇದೇ ವಿದ್ಯೆ. ನೀರಿನ ಅಡಿಯಲ್ಲಿ ಅಲ್ಲಲ್ಲಿ ಬಂಡೆಗಳಿವೆ. ಅವುಗಳ ಸಂದಿಯಲ್ಲಿ ಮುರು, ಕೆಂಬೇರಿ ಮೀನುಗಳು ಇರುತ್ತವೆ. ಮೇಲಿನಿಂದ ಕಂಡರೆ ಬರೀ ನೀರು. ಹಳೆಯ ಮೀನುಗಾರರು ದಡದ ಗುಡ್ಡ, ಮರಗಳನ್ನು ಒಂದರೆದುರು ಒಂದು ತಂದು ಆ ಜಾಗ ಹಿಡಿಯುತ್ತಿದ್ದರು. ಅದಕ್ಕೆ ಗುರ್ತು ಎನ್ನುತ್ತಾರೆ. ಅಜ್ಜಯ್ಯನ ಬಳಿ ಹಾಗೆ ಒಂದು ಕಲ್ಲಿತ್ತು. ಅದರ ಗುರ್ತು ಅವನ ಅಪ್ಪನಿಂದ ಬಂದದ್ದು, ಮನೆಯ ಹೊರಗೆ ಯಾರಿಗೂ ಹೇಳಿದ್ದಲ್ಲ. ಎರಡು ಗೆರೆ. ಒಂದು, ಉತ್ತರದಲ್ಲಿ ಒತ್ತಿನೆಣೆ ಗುಡ್ಡದ ತುದಿ ಅದರ ಹಿಂದಿನ ಗುಡ್ಡವನ್ನು ಎಷ್ಟು ಮರೆಮಾಡಬೇಕು ಎಂಬುದು. ಅದನ್ನು ಪೂರ್ತಿ ಬರೆಯುವುದಿಲ್ಲ, ಕ್ಷಮಿಸಿ. ಇನ್ನೊಂದು, ದಡದ ಒಂಟಿ ತಾಳೆಮರದ ನೇರ ಹಿಂದೆ ಕೊಡಚಾದ್ರಿಯ ತುದಿ ನಿಲ್ಲಬೇಕು.

ತಾಳೆಮರ ಈಗಿಲ್ಲ. ನಾನು ಪಿಯುಸಿ ಓದುತ್ತಿದ್ದ ವರ್ಷದ ಮಳೆಗಾಲದಲ್ಲಿ ಬುಡದ ಮರಳು ಕೊಚ್ಚಿಹೋಗಿ ಬಿತ್ತು. ಅಲ್ಲಿಂದೀಚೆಗೆ ಅಜ್ಜಯ್ಯ ಮೂರು ಸಲ ಹುಡುಕಲು ಹೋಗಿ ಮೂರು ಸಲವೂ ಬರಿಗೈಯಲ್ಲಿ ಬಂದಿದ್ದಾನೆ. ಊರಿನ ದೋಣಿಯವರು ಈಗ ಇಲ್ಲದ ವಸ್ತುವಿಗೆಲ್ಲ ‘ಅಜ್ಜಯ್ಯನ ಕಲ್ಲು’ ಎನ್ನುತ್ತಾರೆ. ಕರೆಂಟು ಹೋದರೂ ಅಷ್ಟೇ, ಸರಿಯಾದ ಸಮಯಕ್ಕೆ ಬಸ್ಸು ಎಂದರೂ ಅಷ್ಟೇ. ಅಜ್ಜಯ್ಯ ಕೇಳಿಸದವನ ಹಾಗೆ ಬಲೆ ಹೊಲಿಯುತ್ತಾನೆ. ಅವನ ಕಿವಿ ಸರಿಯಾಗಿದೆ, ನಾನು ಪರೀಕ್ಷೆ ಮಾಡಿಸಿದ್ದೇನೆ. ಕಣ್ಣು ಮಾತ್ರ ಎರಡೂ ಮಂಜು. ಈ ಮಳೆಗಾಲ ಬಂದ ಮೇಲೆ ಅವನನ್ನು ದೋಣಿ ಹತ್ತಲು ಬಿಡುವುದಿಲ್ಲ ಎಂದು ಅಬ್ಬೆ ಹೇಳಿಬಿಟ್ಟಿದ್ದಾಳೆ. ಅಂದರೆ ಇದೇ ಕೊನೆಯ ಹಂಗಾಮು. ಒಂದು ಸಲ ಆ ಕಲ್ಲಿಗೆ ಸೀಸದ ಗುಂಡು ಮುಟ್ಟಿಸಿ, ಅದನ್ನು ಮಗ ಗಣಪುವಿಗೆ, ಎಂದರೆ ನನ್ನ ಸೋದರಮಾವನಿಗೆ, ಒಪ್ಪಿಸಬೇಕು ಎನ್ನುವುದು ಅಜ್ಜಯ್ಯನ ಆಸೆ. ಆಸೆ ಎಂದು ಅವನು ಹೇಳಿಲ್ಲ. “ಗಣಪುಗ್ ಗೊತ್ತಿರ್ಲಿ” ಎಂದು ಕಳೆದ ವರ್ಷ ಹನ್ನೆರಡು ಸಲ ಹೇಳಿದ್ದಾನೆ.

ಇಲ್ಲಿಗೆ ಸುಕೇಶ ಬಂದ. ಸುಕೇಶ ಬ್ರಹ್ಮಾವರದವನು, ನನ್ನ ಕಾಲೇಜಿನ ಗೆಳೆಯ, ಮೊಬೈಲ್ ಅಂಗಡಿಯಲ್ಲಿದ್ದಾನೆ. ಆನ್‌ಲೈನಿನಲ್ಲಿ ಟೆಂಟು ತರಿಸಿಕೊಂಡು, ಅದನ್ನು ಎಲ್ಲಾದರೂ ಕಟ್ಟಲೇಬೇಕು ಎಂದು ಒದ್ದಾಡುತ್ತಿದ್ದ. ಬಣ್ಣ ಎಂಥದ್ದೆಂದರೆ, ಅಮಾಸೆಬೈಲಿನ ಗುಡ್ಡದಲ್ಲಿ ಕಟ್ಟಿದರೂ ಕುಂಭಾಶಿಯಲ್ಲಿ ಕಾಣಬೇಕು. ಅದನ್ನು ಕಂಡಾಗ ನನಗೆ ಹೊಳೆಯಿತು. ಮರ ಇದ್ದ ಜಾಗದಲ್ಲಿ ಬಿದಿರಿನ ಒಂದು ಎತ್ತರದ ಗಳು ನೆಟ್ಟು ಅದರ ತುದಿಗೆ ಈ ಹೊದಿಕೆ ಕಟ್ಟಿದರೆ, ಅದೇ ತಾಳೆಮರ. ಪಕ್ಕದಲ್ಲೇ ಟೆಂಟು ಹಾಕಿ ಮಲಗುವುದು, ಬೆಳಿಗ್ಗೆ ಹೋಗಿ ಕಲ್ಲು ಹಿಡಿಯುವುದು. ಸುಕೇಶನಿಗೆ ಕ್ಯಾಂಪಿಂಗ್ ಆಯಿತು, ಅಜ್ಜಯ್ಯನಿಗೆ ಮರ ಆಯಿತು.

ಅಜ್ಜಯ್ಯ ಶನಿವಾರ ಸಂಜೆ ಕೋಲೂರಿಕೊಂಡು ಬಂದು ಟೆಂಟಿನ ಸುತ್ತ ಎರಡು ಸುತ್ತು ಹಾಕಿದ.

“ಎಂತ ಮಾರಾಯಾ ಇದ್?”

“ಟೆಂಟ್ ಅಜ್ಜಯ್ಯ. ಇದ್ರೊಳ್ಗೆ ಮನ್ಕಂಬುದ್” ಎಂದ ಸುಕೇಶ.

“ಮನಿ ಅಲ್ಲೇ ಕಾಂತಿತ್ತಲ್ದಾ. ಮನ್ಕಂಬುಕೆ ಇಲ್ಲಿಗ್ ಎಂತಕ್ ಬಂದದ್?”

ಅಜ್ಜಯ್ಯ ಕಡಲ್ಕೊರೆತಕ್ಕೆ ಹಾಕಿದ ಕಲ್ಲುಗಳ ಬದಿಯಲ್ಲಿ ನಡೆದು, ನಿಂತು, ಮತ್ತೆ ನಾಲ್ಕು ಹೆಜ್ಜೆ ನಡೆದು, ಕೋಲನ್ನು ಮರಳಿಗೆ ಚುಚ್ಚಿದ.

“ಇಲ್ಲೇ. ಐವತ್ತ್ ವರ್ಷ ದೋಣಿ ಕಟ್ಟಿದ್ ಮರ. ಕಣ್ಣ್ ಮುಚ್ಚಿ ಹೇಳ್ತೆ.”

ಅವನ ಕಣ್ಣಿನ ಸ್ಥಿತಿಯಲ್ಲಿ ಮುಚ್ಚಿದರೂ ತೆರೆದರೂ ಹೆಚ್ಚು ವ್ಯತ್ಯಾಸವಿಲ್ಲ. ಅಲ್ಲೇ ಗಳು ನೆಟ್ಟೆವು. ಅಜ್ಜಯ್ಯ ಎರಡು ಷರತ್ತು ಹಾಕಿದ. ದೋಣಿಗೆ ಮೊಬೈಲು ತರುವಂತಿಲ್ಲ. ಕಲ್ಲು ಸಿಕ್ಕಿದಲ್ಲಿ ತೇಲುಬುರುಡೆ ಬಿಡುವಂತಿಲ್ಲ.

“ಆ ಯಂತ್ರಕ್ಕ್ ಒಂದ್ಸಲ ಹೇಳ್ರೆ ನಾಳೆ ಮಲ್ಪೆಯಿಂದ ಬೋಟ್ ಬತ್ತ್. ಬುರುಡೆ ಬಿಟ್ರೆ ಊರಿಗೇ ಹೇಳ್ದಾಂಗ್ ಆಯ್ತ್.”

“ಪುಸ್ತಕ?” ಎಂದು ಕೇಳಿದೆ.

“ಗಂಟಿ ಬರ್ಕೋ. ಜಾಗ ಬರೆಯೂಕಾಗ.”

ರಾತ್ರಿಯ ಬಗ್ಗೆ ಬರೆಯಲು ಏನೂ ಇಲ್ಲ. ನಿದ್ರೆ ಬಂತು.

ಜನವರಿ 25, ಭಾನುವಾರ, ಬೆಳಿಗ್ಗೆ 7 ಗಂಟೆ 20. ಗಣಪು ಮಾವನ ದೋಣಿ ಹೊರಟಿತು. ದೋಣಿಯಲ್ಲಿ ಮಾವ, ಅಜ್ಜಯ್ಯ, ನಾನು. ಸುಕೇಶ ದಡದಲ್ಲೇ ಉಳಿದ. “ನಾ ಬತ್ತಿಲ್ಲೆ ಮಾರಾಯಾ, ಗಂಗೊಳ್ಳಿ ಹೊಳಿ ದಾಟುವತಿಗೇ ನಂಗ್ ವಾಂತಿ ಬಂದಿತ್” ಎಂದ. ಹಾಗೆ ಉಳಿದವನು, ನಾವು ಕಣ್ಣಿಗೆ ಮರೆಯಾಗುವ ಮುಂಚೆಯೇ, ‘ಡೀಪ್ ಸೀ ಫಿಶಿಂಗ್’ ಎಂದು ಸ್ಟೇಟಸ್ ಹಾಕಿದ್ದ. ಆಳಸಮುದ್ರಕ್ಕೆ ಹೋಗುವವರು ಹತ್ತು ದಿನಕ್ಕೆ ಬೇಕಾದ ಅಕ್ಕಿ, ಮಂಜುಗಡ್ಡೆ ತುಂಬಿಕೊಂಡು ಹೋಗುತ್ತಾರೆ. ನಾವು ಹೋದದ್ದು ಒಂಬತ್ತು ಮಾರು ಆಳದ ನೀರಿಗೆ, ಒಂದು ಬುತ್ತಿ ಅವಲಕ್ಕಿ ಹಿಡಿದುಕೊಂಡು. ಆದರೆ ನನಗೆ ಈಜು ಬಾರದು. ನನ್ನ ಮಟ್ಟಿಗೆ ಒಂದೂವರೆ ಮಾರಿನ ಮೇಲೆ ಎಲ್ಲವೂ ಆಳಸಮುದ್ರವೇ.

ಸುಕೇಶನ ಕೆಲಸ ಒಂದೇ: ಗಳು ಬೀಳದಂತೆ ಕಾಯುವುದು.

8 ಗಂಟೆ 12: ನಾನು ವಾಂತಿ ಮಾಡಿದೆ. 8 ಗಂಟೆ 31: ಮತ್ತೆ. “ಅಳಿಯಾ, ಗಾಳಿ ಬದಿಗಲ್ಲ, ಈಚಿ ಬದಿಗ್ ಕಾರ್” ಎಂದು ಮಾವ ಎರಡನೆಯ ಸಲದ ನಂತರ ಹೇಳಿದ. ಮೊದಲೇ ಹೇಳಬಹುದಿತ್ತು.

ಬಿಸಿಲೇರಿದ ಮೇಲೆ ಗುಡ್ಡಗಳು ಬಿಡಿಬಿಡಿಯಾಗಿ ಕಂಡವು. ನನ್ನ ಕೈಯಲ್ಲಿ ದುರ್ಬೀನು. ದಡದ ಹಸಿರು ಗೆರೆಯ ಕೆಳಗೆ ಒಂದು ಕಿತ್ತಳೆ ಚುಕ್ಕೆ ಇತ್ತು.

“ಕಾಂತಿತ್ತಾ?” ಅಜ್ಜಯ್ಯ ಮೂರು ನಿಮಿಷಕ್ಕೊಮ್ಮೆ ಕೇಳುತ್ತಿದ್ದ.

“ಕಾಂತಿತ್ ಅಜ್ಜಯ್ಯ.”

“ತುದಿ ಎಲ್ಲಿತ್?”

“ಸಮಾ ಮೇಲೆ ಇತ್.”

ಅವನು ದೋಣಿಯ ಮಧ್ಯ ಕೂತು, ನೈಲಾನ್ ದಾರಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಡುತ್ತಿದ್ದ. ದಾರ ಬೆರಳಿನ ಮೇಲಿಂದ ಹೋಗುತ್ತದೆ. ಕೆಳಗೆ ಕೆಸರಿದ್ದರೆ ಗುಂಡು ಮೆತ್ತಗೆ ಕೂರುತ್ತದೆ, ಕಲ್ಲಿದ್ದರೆ ಟಕ್ ಎನ್ನುತ್ತದೆ, ಬೆರಳಿಗೆ ಗೊತ್ತಾಗುತ್ತದೆ. ಸುತ್ತಲೂ ಒಂಬತ್ತು ಮಾರು, ಕಲ್ಲಿನ ನೆತ್ತಿಯ ಮೇಲೆ ಏಳು. ಕಲ್ಲು ಎರಡು ದೋಣಿಯಷ್ಟು ಉದ್ದ, ಅಷ್ಟೇ.

9 ಗಂಟೆ 5: ಎರಡೂ ಗೆರೆ ಕೂಡಿದವು. ಗುಂಡು ಇಳಿಯಿತು. ಒಂಬತ್ತು ಮಾರು. ಕೆಸರು.

9 ಗಂಟೆ 9: ಒಂಬತ್ತು. 9 ಗಂಟೆ 13: ಒಂಬತ್ತು. ಹೀಗೆ ಹನ್ನೊಂದು ಸಲ. ಅಜ್ಜಯ್ಯ ಪ್ರತಿ ಸಲವೂ ದಾರವನ್ನು ಮೇಲೆಳೆದು, ಗುಂಡಿಗೆ ಮೆತ್ತಿದ ಕೆಸರನ್ನು ಹೆಬ್ಬೆರಳಿನಿಂದ ಒರೆಸಿ, ಮತ್ತೆ ಬಿಡುತ್ತಿದ್ದ. ಮಾವ ನನ್ನ ಮುಖ ನೋಡಿದ, ನಾನು ಪುಸ್ತಕ ನೋಡಿದೆ.

“ಅಪ್ಪಯ್ಯಾ, ಬಿಸ್ಲ್ ಏರ್ತ್. ಹೋಪನಾ?” ಎಂದ ಮಾವ.

“ಹೋಪುದೇ ಆದ್ರೆ ನೀನ್ ಈಜ್ಕಂಡ್ ಹೋಗ್. ದೋಣಿ ಇಲ್ಲಿರ್ಲಿ.”

ಆಮೇಲೆ ಗೆರೆ ಜಾರತೊಡಗಿತು. ದುರ್ಬೀನಿನಲ್ಲಿ ಕಿತ್ತಳೆ ಚುಕ್ಕೆ ಕೊಡಚಾದ್ರಿಯ ತುದಿಯಿಂದ ಬಲಕ್ಕೆ, ದಕ್ಷಿಣಕ್ಕೆ ಸರಿದಿತ್ತು. ನಾನು ಹೇಳಿದೆ. ಮಾವ ನೀರನ್ನು ನೋಡಿ, “ನೀರ್ ಸಮಾ ಎಳೀತಿತ್ ಮಾರಾಯಾ, ನಮ್ಮನ್ನ್ ಉತ್ತರಕ್ಕ್ ತಳ್ಳತ್ತ್” ಎಂದು ದೋಣಿಯನ್ನು ದಕ್ಷಿಣಕ್ಕೆ ತಂದ. ಗೆರೆ ಸರಿಯಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಜಾರಿತು. ಮತ್ತೆ ದಕ್ಷಿಣಕ್ಕೆ ತಂದ. ನಾನು ಬರೆದುಕೊಂಡೆ: ‘ನೀರಿನ ಎಳೆತ ಉತ್ತರಕ್ಕೆ, ಬಲವಾಗಿ.’ ಆ ಸಾಲಿನ ಅಡಿಯಲ್ಲಿ ಗೆರೆಯನ್ನೂ ಎಳೆದೆ.

10 ಗಂಟೆ 20. ಅಜ್ಜಯ್ಯನ ಕೈ ನಿಂತಿತು.

ದಾರ ಏಳು ಮಾರಿಗೇ ಸಡಿಲವಾಗಿತ್ತು. ಅವನು ಒಂದು ಗೇಣು ಮೇಲೆಳೆದು ಬಿಟ್ಟ. ಮತ್ತೆ ಎಳೆದು ಬಿಟ್ಟ. ಆಮೇಲೆ ನನ್ನ ಕೈ ಹಿಡಿದು ದಾರವನ್ನು ನನ್ನ ತೋರುಬೆರಳಿನ ಮೇಲಿಟ್ಟ. ಟಕ್. ಚಿಕ್ಕದು. ಬಾಗಿಲಾಚೆ ಯಾರೋ ಒಂದೇ ಬೆರಳಿನಿಂದ ತಟ್ಟಿದ ಹಾಗೆ.

“ಗಣಪು, ಬಾ. ಮುಟ್ಟ್” ಎಂದ.

ಮಾವನೂ ಮುಟ್ಟಿದ. ನಲವತ್ತೆಂಟು ವರ್ಷದ ಮನುಷ್ಯ, ಆ ಹೊತ್ತಿಗೆ ತೀರ ಚಿಕ್ಕವನ ಹಾಗೆ ಬಾಯಿ ತೆರೆದಿದ್ದ. “ಇತ್ತಲ ಅಪ್ಪಯ್ಯಾ” ಎಂದ. ಅವನೂ ಇಷ್ಟು ವರ್ಷ ನಂಬಿರಲಿಲ್ಲ ಎನ್ನುವುದು ಆ ಒಂದು ಮಾತಿನಲ್ಲಿ ಗೊತ್ತಾಗಿಹೋಯಿತು. ಅಜ್ಜಯ್ಯನಿಗೂ ಗೊತ್ತಾಯಿತು. ಅವನು ಬೊಂಡಾಸು ಮೀನಿನ ತುಂಡನ್ನು ಗಾಳಕ್ಕೆ ಸಿಕ್ಕಿಸುತ್ತಾ, “ಎಲ್ಲಿಗ್ ಹೋತ್?” ಎಂದಷ್ಟೇ ಅಂದ.

ಐವತ್ತು ನಿಮಿಷದಲ್ಲಿ ಮುರು ಮೂರು, ಕೆಂಬೇರಿ ಐದು. ಇದರಲ್ಲಿ ನಾನು ಹಿಡಿದದ್ದು ಸೊನ್ನೆ; ಮಾವನ ಅಂಗಿಯ ತೋಳನ್ನು ಲೆಕ್ಕಕ್ಕೆ ಸೇರಿಸಿದರೆ ಒಂದು. ಹೊರಡುವಾಗ ಅಜ್ಜಯ್ಯ ನನ್ನ ಕಡೆ ತಿರುಗಿ, “ಬರ್ಕೋ ಮಗಾ” ಎಂದ.

“ಜಾಗವಾ?”

“ಮತ್ತೆಂತ? ನನ್ ಕಣ್ಣ್ ಹೋಯ್ತ್. ಗಣಪು ಮರೀತ. ನೀನ್ ಒಬ್ಬ ಮರೆಯುದಿಲ್ಲ.”

ಅವನ ಅಪ್ಪನ ಕಾಲದಿಂದ ಬಾಯಲ್ಲೇ ಇದ್ದ ಗುರ್ತನ್ನು ಮೊದಲ ಬಾರಿಗೆ ಕಾಗದದ ಮೇಲೆ ಬರೆದವನು ನಾನು. ಸ್ಪಷ್ಟವಾಗಿ ಬರೆದೆ: ‘ಕೊಡಚಾದ್ರಿ ತುದಿ, ಕಿತ್ತಳೆ ಬಟ್ಟೆಯ ಮೇಲೆ ಸಮ.’

ನಾವು ದಡ ಮುಟ್ಟಿದ್ದು 12 ಗಂಟೆ 15ಕ್ಕೆ. ಗಳು ಇದ್ದಲ್ಲೇ ಇತ್ತು. ಅದರ ಬುಡದಲ್ಲಿ ಸುಕೇಶ ಕೂತಿದ್ದ, ಬಳಿಯಲ್ಲಿ ಒಂದು ರಾಶಿ ಬಂಗುಡೆ.

“ಇದೆಂತ?” ಎಂದೆ.

“ಪಾಲ್ ಮಾರಾಯಾ!” ಅವನ ಮುಖ ಅರಳಿತ್ತು. “ಕೈರಂಪಣಿಯವ್ರ್ ಬಂದಿದ್ರ್. ನಾನೂ ಹಗ್ಗ ಎಳ್ದೆ. ಬುಟ್ಟಿ ಇಲ್ಲದ್ದಕ್ಕೆ ಗಳಿನ ಬಟ್ಟೆ ಬಿಚ್ಚಿ ಕಟ್ಕಂಡ್ ಬಂದೆ.”

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೈರಂಪಣಿ ಎಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ದೋಣಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಬರುತ್ತದೆ, ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ಎರಡು ಗುಂಪಿನವರು ಎಳೆಯುತ್ತಾರೆ. ಎಳೆಯುತ್ತ ಎಳೆಯುತ್ತ ಎರಡೂ ಗುಂಪು ಮರಳಿನ ಮೇಲೆ ಒಂದರ ಕಡೆಗೊಂದು ಸರಿಯುತ್ತವೆ. ದಡದಲ್ಲಿದ್ದವರು ಯಾರೇ ಹಗ್ಗಕ್ಕೆ ಕೈ ಹಾಕಿದರೂ ಅವರಿಗೊಂದು ಪಾಲು ಮೀನು. ಇದನ್ನೆಲ್ಲ ನಾನು ಚಿಕ್ಕಂದಿನಿಂದ ಬಲ್ಲೆ. ಗಳಿನ ಬುಡವನ್ನು ಬಗ್ಗಿ ನೋಡಿದೆ.

“ಸುಕೇಶ, ಗಳು?”

“ಅದ್ ಹಗ್ಗಕ್ಕ್ ಅಡ್ಡ ಆಯ್ತಂಬ್ರ್. ತೆಗಿ ಅಂದ್ರ್. ಸ್ವಲ್ಪ ಆಚಿಗ್ ನೆಟ್ಟೆ. ಅವ್ರ್ ಮತ್ತೆ ಅಲ್ಲಿಗೇ ಬಂದ್ರ್. ಮತ್ತೂ ಆಚಿಗ್ ನೆಟ್ಟೆ. ಬಲೆ ಮೇಲ್ ಬಂದ್ಮೇಲೆ ವಾಪಾಸ್ ತಂದ್ ಸಮಾ ಅದೇ ಗುಂಡಿಗ್ ನೆಟ್ಟಿದೆ ಕಾಣ್. ನಿಮ್ ಅಜ್ಜಯ್ಯನ ಕೋಲಿನ್ ಗುರ್ತ್ ಇತ್.”

“ಆಚಿಗ್ ಅಂದ್ರೆ?”

“ದಕ್ಷಿಣಕ್ಕೆ.”

“ಎಷ್ಟ್?”

“ಸ್ವಲ್ಪ.”

ಗೆರೆಯನ್ನು ಜಾರಿಸಿದ್ದು ನೀರಲ್ಲ, ಸುಕೇಶ. ಅಜ್ಜಯ್ಯ ಕೋಲು ಚುಚ್ಚಿದ ಜಾಗವನ್ನು ಹಿಡಿದು ಹುಡುಕಿದಾಗ ಹನ್ನೊಂದು ಸಲವೂ ಕೆಸರು. ಸುಕೇಶ ಮರವನ್ನು ಹೊತ್ತುಕೊಂಡು ಅಡ್ಡಾಡಿದಾಗ ಕಲ್ಲು. ಅಂದರೆ ತಾಳೆಮರ ನಿಜವಾಗಿ ಇದ್ದದ್ದು 10 ಗಂಟೆ 20ಕ್ಕೆ ಗಳು ಎಲ್ಲಿತ್ತೋ ಅಲ್ಲಿ. ಅದು ಎಲ್ಲಿತ್ತು ಎಂಬುದು ಯಾರಿಗೂ ಗೊತ್ತಿಲ್ಲ. ಆ ಹೊತ್ತಿನಲ್ಲಿ ಗಳು ನಿಂತಿದ್ದ ಗುಂಡಿಯನ್ನು ನಲವತ್ತು ಜನರ ಕಾಲು ತುಳಿದು ಮುಚ್ಚಿತ್ತು. ಭಾನುವಾರ ಕೇಳಿದಾಗ ಸುಕೇಶ ಮೂವತ್ತು ಹೆಜ್ಜೆ ಎಂದ. ಸೋಮವಾರ ಐವತ್ತು. ಬುಧವಾರ ಫೋನಿನಲ್ಲಿ, “ನಲ್ವತ್ತ್ ಅಂತ ಬರ್ಕೋ ಮಾರಾಯಾ, ಜಗಳ ಬೇಡ” ಎಂದ. ಅವನ ಮೊಬೈಲಿನಲ್ಲಿ ಆ ಹೊತ್ತಿನ ಹನ್ನೊಂದು ಫೋಟೋಗಳಿವೆ. ಹತ್ತು ಮೀನಿನವು. ಒಂದರಲ್ಲಿ ಅವನ ಹಲ್ಲುಗಳ ಹಿಂದೆ ಕಿತ್ತಳೆ ಬಟ್ಟೆಯ ಒಂದು ಮೂಲೆ ಇದೆ, ಅದರ ಹಿಂದೆ ಆಕಾಶ ಇದೆ. ದಡದಲ್ಲಿ ಹತ್ತು ಹೆಜ್ಜೆ ತಪ್ಪಿದರೆ ಕಡಲಲ್ಲಿ ಹನ್ನೆರಡು ಹೆಜ್ಜೆ ತಪ್ಪುತ್ತದೆ ಎಂದು ನಾನು ಲೆಕ್ಕ ಹಾಕಿದ್ದೇನೆ. ಎರಡು ದೋಣಿಯಷ್ಟು ಉದ್ದದ ಕಲ್ಲು ಕೈತಪ್ಪಲು ಅಷ್ಟು ಸಾಕು.

ಅಜ್ಜಯ್ಯನಿಗೆ ಹೇಳಬೇಕೇ ಬೇಡವೇ ಎಂದು ಭಾನುವಾರ ಸಂಜೆ ಮಾವ, ಸುಕೇಶ, ನಾನು ಕೂತು ಮಾತಾಡಿದೆವು. ಹೇಳುವುದು ಬೇಡ ಎಂದು ಎರಡು ಮತ. ಅಷ್ಟರಲ್ಲಿ ಅಜ್ಜಯ್ಯ ಮುರು ಮೀನನ್ನು ಬಾಲದಲ್ಲಿ ಹಿಡಿದುಕೊಂಡು ದೋಣಿಯವರ ಎದುರಿಂದ ಮೂರು ಸಲ ಹಾದುಹೋಗಿದ್ದ. ಅವರು ಎದ್ದು ನಿಂತು ಕಂಡರಂತೆ. ಆದರೆ ನನ್ನ ಪುಸ್ತಕದಲ್ಲಿ ತಪ್ಪು ಗುರ್ತು ಇತ್ತು, ಅದನ್ನು ಬರೆಸಿದವನು ಅವನು.

ಜನವರಿ 26, ಬೆಳಿಗ್ಗೆ 11 ಗಂಟೆ 15. ಅಜ್ಜಯ್ಯ ಜಗಲಿಯಲ್ಲಿ ಗಂಜಿ ಉಣ್ಣುತ್ತಿದ್ದ. ನಾನು ಎಲ್ಲವನ್ನೂ ಗಂಟೆ ಸಮೇತ ಓದಿ ಹೇಳಿದೆ. ಅವನು ಊಟ ಮುಗಿಸಿದ, ಕೈ ತೊಳೆದ, ಬೈರಾಸಿನಲ್ಲಿ ಒಂದೊಂದೇ ಬೆರಳನ್ನು ಒರೆಸಿದ.

“ಹಂಗಾರೆ ಮರ ನಾ ಹೇಳ್ದಲ್ಲಿ ಇರ್ಲಿಲ್ಲ.”

“ಕಲ್ಲ್ ಇತ್ತಲ್ಲ ಅಜ್ಜಯ್ಯ.”

“ಕಲ್ಲ್ ಇತ್. ಕಲ್ಲ್ ಎಲ್ಲಿಗೂ ಹೋಯಿಲ್ಲ. ನಾನೇ ಆಚೀಚಿ ಆದದ್.”

ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ಸಂಜೆಯಿಂದ ಅವನು ದಿನವೂ ದಡಕ್ಕೆ ಹೋಗುತ್ತಾನೆ. ದೋಣಿಯವರನ್ನೂ ಕರೆಯುತ್ತಾನೆ, “ಹ್ವಾಯ್, ಮರ ಎಲ್ಲಿತ್ತ್ ಹೇಳಿ ಕಾಂಬ?” ಎನ್ನುತ್ತಾನೆ. ಒಬ್ಬೊಬ್ಬರೂ ಆಣೆ ಮಾಡಿ ಒಂದೊಂದು ಜಾಗ ತೋರಿಸುತ್ತಾರೆ. ನಾನು ಪ್ರತಿಯೊಂದಕ್ಕೂ ಗೂಟ ಹೊಡೆದಿದ್ದೇನೆ. ಅರವತ್ತನಾಲ್ಕು ಹೆಜ್ಜೆಯ ಉದ್ದಕ್ಕೆ ಈಗ ಏಳು ಗೂಟಗಳಿವೆ. ಎಲ್ಲರೂ ದಿನಾ ಕಂಡ ಮರ ಅದು. ಎಲ್ಲಿದೆ ಎಂದು ಯಾರೂ ನೋಡಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ಇನ್ನೊಂದು ಸಲ ಅಜ್ಜಯ್ಯನನ್ನು ಕರೆದುಕೊಂಡು ಹೋಗಲು ಅಬ್ಬೆ ಒಪ್ಪಿದ್ದಾಳೆ. ಒಂದೇ ಸಲ. ಆದ್ದರಿಂದ ಕೇಳುತ್ತಿದ್ದೇನೆ. ಉಪ್ಪುಂದದ ದಡದಲ್ಲಿ ಆ ಒಂಟಿ ತಾಳೆಮರದ ಕೆಳಗೆ ನೀವು ಎಂದಾದರೂ ಫೋಟೋ ತೆಗೆಸಿಕೊಂಡಿದ್ದರೆ, ಮದುವೆಯದ್ದಾಗಲಿ ಶಾಲೆಯ ಪ್ರವಾಸದ್ದಾಗಲಿ, ಹಿಂದೆ ಒಂದು ಮನೆಯ ಮೂಲೆಯೋ ಬಾವಿಯ ಕಟ್ಟೆಯೋ ಕಾಣುವಂತಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ದಯವಿಟ್ಟು ಬರೆಯಿರಿ. ಜನವರಿ 25ರ ಬೆಳಿಗ್ಗೆ ಅಲ್ಲಿ ಕೈರಂಪಣಿ ಎಳೆದವರು, ಕಿತ್ತಳೆ ಬಟ್ಟೆಯ ಬಿದಿರನ್ನು ಬೈದುಕೊಂಡು ದಾಟಿದವರು, ನೀವೂ ಬರೆಯಿರಿ. ಮರ ಎಲ್ಲಿತ್ತು ಎಂದಷ್ಟೇ ತಿಳಿಸಿದರೆ ಸಾಕು. ಕಲ್ಲು ಎಲ್ಲಿದೆ ಎಂಬುದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ, ಅದನ್ನು ಮಾತ್ರ ಬರೆಯಬೇಡಿ.